ಎಪ್ಪತ್ತೆರಡನೇ ಕಾಲಂ

ಮಹಡಿಯ ಮೆಟ್ಟಿಲು ಮುಗಿಯಿತೆಂದುಕೊಂಡು ಇನ್ನೂ ಒಂದು ಮೆಟ್ಟಿಲು ಇರುವಾಗಲೇ ಕಾಲಿಟ್ಟ ಅತ್ತೆ ಪಾದದ ಕೀಲು ಮುರಿದುಕೊಂಡರು. ಪ್ಲಾಸ್ಟರ್ ಬಿಚ್ಚುವವರೆಗೆ ಮಗಳ ಮನೆಯಲ್ಲಿರುವುದೆಂದು ತೀರ್ಮಾನವಾಯಿತು. ಅವರ ಜೊತೆಗೆ ಒಂದು ಸೂಟ್‌ಕೇಸು, ಎರಡು ಊರುಗೋಲು, ಹೊಲಿಗೆಯ ಡಬ್ಬಿ, ಮತ್ತು ದಾರ ಸುತ್ತಿದ ಕಾಗದದ ಒಂದು ದಪ್ಪ ಸುರುಳಿ ಬಂದವು. ಅತ್ತೆ ಮೂವತ್ತು ವರ್ಷದಿಂದ ಹೆಂಗಸರ, ಮಕ್ಕಳ ಬಟ್ಟೆ ಹೊಲಿಯುವವರು. ಕಾಲು ಮುರಿದರೇನು, ಕತ್ತರಿ ಹಿಡಿಯುವುದು ಕೈ ತಾನೆ ಎಂದು ಹೇಳಿ ಕಟಿಂಗ್ ಕೆಲಸ ಕಟ್ಟಿಕೊಂಡೇ ಬಂದಿದ್ದರು.

ಅಳಿಯನ ಕೆಲಸ ಹಲ್ಲು ಮಾಡುವುದು. ಊರಿನ ಮೂವರು ದಂತವೈದ್ಯರು ಕಳಿಸುವ ಅಚ್ಚುಗಳನ್ನಿಟ್ಟುಕೊಂಡು ಮನೆಯ ಪಕ್ಕದ ಕೋಣೆಯಲ್ಲಿ ಮೇಣ ಕೆತ್ತಿ, ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ಕಳಿಸುತ್ತಿದ್ದ. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಒಂದು ಲ್ಯಾಪ್‌ಟಾಪ್ ಇತ್ತು. ಹಲ್ಲಿನ ಸೆಟ್ಟು ಗಟ್ಟಿಯಾಗಲು ಕಾಯುವ ಹೊತ್ತೆಲ್ಲ ಅವನು ಅದರ ಮುಂದೆ. ಅದರೊಳಗೆ ಎಮ್ಯುಲೇಟರ್ ಎಂಬ ಒಂದು ಸಾಫ್ಟ್‌ವೇರ್ ಹಾಕಿಕೊಂಡಿದ್ದ. ಇಂದಿನ ಕಂಪ್ಯೂಟರಿಗೆ ಐವತ್ತು ವರ್ಷ ಹಿಂದಿನ ಕಂಪ್ಯೂಟರಿನ ವೇಷ ಹಾಕಿಸುವುದು ಅದರ ಕೆಲಸ. ವೇಷ ಎಷ್ಟು ಪಕ್ಕಾ ಎಂದರೆ ಒಂದು ಕಾಲದಲ್ಲಿ ಇಡೀ ಕೋಣೆ ತುಂಬುತ್ತಿದ್ದ ಯಂತ್ರದ ಹಳೆಯ ಆಪರೇಟಿಂಗ್ ಸಿಸ್ಟಮ್ಮು, ಹಳೆಯ ಭಾಷೆಗಳು ಎಲ್ಲವೂ ತಾವಿನ್ನೂ ಆ ಕೋಣೆಯಲ್ಲೇ ಇದ್ದೇವೆಂದುಕೊಂಡು ಕೆಲಸ ಮಾಡುತ್ತಿದ್ದವು. ಇದರಿಂದ ಉಪಯೋಗವೇನು ಎಂದು ಹೆಂಡತಿ ಮದುವೆಯಾದ ಹೊಸತರಲ್ಲಿ ಕೇಳಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ದಿನವಿಡೀ ಪಕ್ಕದ ಸೀಟಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂತು ಮನೆಗೆ ಬಂದವಳಿಗೆ, ಗಂಡ ಕೂತಲ್ಲೇ ಕೂತಿರುವುದು ಒಂದು ರೀತಿಯ ನೆಮ್ಮದಿಯೇ ಆಗಿತ್ತು.

ಅತ್ತೆ ಅಳಿಯನ ನಡುವೆ ಜಗಳವೇನೂ ಇರಲಿಲ್ಲ, ಸಂಕೋಚ. ಮದುವೆಯಾದ ಒಂಬತ್ತು ವರ್ಷದಲ್ಲಿ ಅವರು ನೇರವಾಗಿ ಆಡಿದ ಮಾತುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಅತ್ತೆಗೆ ಅಳಿಯನಿಂದ ಏನಾದರೂ ಬೇಕಾದರೆ ಮಗಳನ್ನು ಕರೆದು ಅಳಿಯಂದಿರಿಗೆ ಹೇಳು ಎನ್ನುತ್ತಿದ್ದರು. ಅಳಿಯಂದಿರು ಎರಡು ಮಾರು ದೂರದಲ್ಲೇ ಕೂತಿರುತ್ತಿದ್ದರು. ಈಗ ಮಗಳು ಬೆಳಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಯೇ. ಮೊದಲ ದಿನ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಮಧ್ಯಾಹ್ನದವರೆಗೆ ತಳ್ಳಿದರು. ಊಟಕ್ಕೆ ಕೂತಾಗ ಅಳಿಯನಿಗೆ ತಡೆಯಲಾಗಲಿಲ್ಲ.

“ಪ್ಲಾಸ್ಟರ್ ಸ್ವಲ್ಪ ಜಾಸ್ತಿನೇ ದಪ್ಪ ಹಾಕಿದಾರೆ,” ಎಂದ. ಹಲ್ಲಿನ ಅಚ್ಚಿಗೆ ದಿನಾ ಪ್ಲಾಸ್ಟರ್ ಕಲಸುವ ಕೈ ಅವನದು, ಬೆಳಗ್ಗಿನಿಂದ ಅದನ್ನೇ ನೋಡುತ್ತಿದ್ದ.

ಅತ್ತೆ ತಮ್ಮ ಕಾಲನ್ನು ನೋಡಿಕೊಂಡು ಹೂಂ ಎಂದರು. ಅಲ್ಲಿಗೆ ಆ ದಿನದ ಮಾತುಕತೆ ಮುಗಿಯಿತು.

ಮಾರನೆಯ ದಿನ ಅತ್ತೆ ಸೋಫಾದ ಮೇಲೆ ಕಾಲು ಚಾಚಿ ಸುರುಳಿ ಬಿಚ್ಚಿದರು. ಚಹಾ ಕೊಡಲು ಬಂದ ಅಳಿಯ ಲೋಟ ಹಿಡಿದು ನಿಂತಲ್ಲೇ ನಿಂತ. ಅಂಚಿನುದ್ದಕ್ಕೂ ಸಣ್ಣ ತೂತುಗಳಿದ್ದ ಅಗಲ ಕಾಗದ. ಒಂದು ಸಾಲು ತಿಳಿ ಹಸಿರು, ಒಂದು ಸಾಲು ಬಿಳಿ. ಹಳೆಯ ಕಾಲದ ಕಂಪ್ಯೂಟರ್ ಪ್ರಿಂಟರುಗಳ ಕಾಗದ ಅದು. ಅದರ ಮೇಲೆ ಅತ್ತೆ ಬಣ್ಣದ ಪೆನ್ಸಿಲಿನಲ್ಲಿ ತೋಳು, ಕತ್ತು, ಸೊಂಟದ ಗೆರೆ ಎಳೆದಿದ್ದರು. ಗೆರೆಗಳ ಕೆಳಗೆ, ಮಾಸಿದ ಅಕ್ಷರಗಳಲ್ಲಿ, ಸಾಲು ಸಾಲಾಗಿ, ಆ ಹಳೆಯ ಕಂಪ್ಯೂಟರುಗಳ ಫೋರ್ಟ್ರಾನ್ ಭಾಷೆಯ ಒಂದು ಪ್ರೋಗ್ರಾಮು. ಇಂಥದ್ದೊಂದಕ್ಕಾಗಿ ಅವನು ಊರಿನ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದ್ದ. ಅವನ ಮದುವೆಯಾದ ಈ ಒಂಬತ್ತು ವರ್ಷವೂ ಅದು ಅತ್ತೆಯ ಕಪಾಟಿನಲ್ಲೇ ಇತ್ತು.

ಅಳಿಯ ಲೋಟ ಕೆಳಗಿಟ್ಟು ಮೊಣಕಾಲೂರಿ ಓದತೊಡಗಿದ. ಸಂಜೆ ಮಗಳು ಬಂದ ಕೂಡಲೇ ಅತ್ತೆ, “ನಿನ್ನ ಗಂಡಂಗೆ ನನ್ನ ಫ್ರಾಕಿನ ಅಳತೆ ಕಾಗದ ಯಾಕೆ ಬೇಕಂತೆ, ಕೇಳು,” ಎಂದರು.

ವಿಷಯ ಹೊರಬಿದ್ದದ್ದು ಹಾಗೆ. ಮದುವೆಗೆ ಮುಂಚೆ, ಆಮೇಲೂ ಕೆಲವು ವರ್ಷ, ಒಟ್ಟು ಹನ್ನೊಂದು ವರ್ಷ ಅತ್ತೆ ಊರಿನ ಬಸ್ ಆಫೀಸಿನಲ್ಲಿ ಕಾರ್ಡ್ ಪಂಚ್ ಮಾಡುತ್ತಿದ್ದರು. ಮೂರನೇ ಮಹಡಿಯಿಂದ ಯಾರೋ ಬರೆದು ಕಳಿಸಿದ ಹಾಳೆಯನ್ನು ನೋಡಿ, ರಟ್ಟಿನ ಕಾರ್ಡುಗಳಲ್ಲಿ ಯಂತ್ರದಿಂದ ತೂತು ಹೊಡೆಯುವ ಕೆಲಸ. ಕಂಪ್ಯೂಟರು ಆ ತೂತುಗಳನ್ನು ಓದುತ್ತಿತ್ತು. ಆಮೇಲೆ ಪರದೆ, ಕೀಲಿಮಣೆ ಬಂದು ಕಾರ್ಡುಗಳು ಮೂಲೆಗೆ ಬಿದ್ದಾಗ ಅತ್ತೆ ಕೆಲಸ ಬಿಟ್ಟು ಹೊಲಿಗೆ ಮೆಷಿನ್ನು ಕೊಂಡರು. ಹೊರಡುವಾಗ ರದ್ದಿಗೆ ಹಾಕಿದ್ದ ಪ್ರಿಂಟಿನ ಕಾಗದವನ್ನು, ಅಗಲ ಚೆನ್ನಾಗಿದೆ, ಅಳತೆ ಕತ್ತರಿಸಲು ಆಗುತ್ತದೆ ಎಂದು ಕೇಳಿ ತಂದಿದ್ದರು. ತನ್ನ ತಾಯಿ ಆಫೀಸಿಗೆ ಹೋಗುತ್ತಿದ್ದರೆಂಬುದು ಮಗಳಿಗೆ ಗೊತ್ತಿತ್ತು. ಏನು ಮಾಡುತ್ತಿದ್ದರೆಂದು ಅವಳೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಅಳಿಯ ಅದೇ ವಾರ ಕರ್ನಲ್ಲರ ಬಳಿ ಓಡಿದ. ಕರ್ನಲ್ ಎಂದರೆ, ಹಳೆಯ ಕಂಪ್ಯೂಟರಿನ ಹುಚ್ಚಿನವರು ಕಟ್ಟಿಕೊಂಡಿದ್ದ ಅವನ ಸಂಘದ ಹಿರಿಯರು. ಸೈನ್ಯಕ್ಕೂ ಅವರಿಗೂ ಯಾವ ಸಂಬಂಧವೂ ಇಲ್ಲ, ಅವರು ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿಗೆ ಕರ್ನಲ್ ಎನ್ನುತ್ತಾರೆ. ಅದರ ಬಗ್ಗೆ ಒಮ್ಮೆ ಬಾಯಿ ತೆರೆದರೆ ಮುಚ್ಚುತ್ತಿರಲಿಲ್ಲವಾಗಿ ಆ ಹೆಸರು ಅಂಟಿಕೊಂಡಿತ್ತು. ಸಂಘದವರು ಮುಂದಿನ ತಿಂಗಳ ಕೊನೆಯ ಭಾನುವಾರ ಲೈಬ್ರರಿಯ ಮೇಲಿನ ಹಾಲ್‌ನಲ್ಲಿ ವರ್ಷದ ಪ್ರದರ್ಶನ ಇಟ್ಟುಕೊಂಡಿದ್ದರು. ಸಾಮಾನ್ಯವಾಗಿ ಎಲ್ಲರೂ ಯಾರೋ ಎಲ್ಲೋ ಬರೆದಿಟ್ಟ ಹಳೆಯ ಆಟಗಳನ್ನೇ ತಂದು ತೋರಿಸುವುದು. ಈ ಸಲ ನಮ್ಮೂರಿನದೇ ಪ್ರೋಗ್ರಾಮು, ನಮ್ಮೂರಿನ ಬಸ್ಸುಗಳ ವೇಳಾಪಟ್ಟಿ ತಯಾರಿಸುತ್ತಿದ್ದದ್ದು, ಮತ್ತೆ ಓಡುತ್ತದೆ ಎಂದಾಗ ಕರ್ನಲ್ಲರ ಮುಖ ಊರಗಲವಾಯಿತು.

ಟೈಪ್ ಮಾಡಲು ಎರಡು ವಾರ ಹಿಡಿಯಿತು. ಒಟ್ಟು ಸಾವಿರದ ನೂರು ಸಾಲು. ಅದರಲ್ಲಿ ಒಂದು ಹಾಳೆಯ ನಡುವೆ ಅರ್ಧಚಂದ್ರದ ತೂತಿತ್ತು. ಯಾವುದೋ ಹುಡುಗಿಯ ಫ್ರಾಕಿನ ಕತ್ತಿಗೆಂದು ಅತ್ತೆ ಎಂದೋ ಕತ್ತರಿಸಿ ತೆಗೆದದ್ದು. ಆ ಕತ್ತಿನೊಳಗೆ ಹದಿನೇಳು ಸಾಲು ಹೋಗಿದ್ದವು. ಅವು ಏನಿದ್ದಿರಬಹುದೆಂದು ಅಳಿಯ ಹಿಂದುಮುಂದಿನ ಸಾಲು ನೋಡಿ ಊಹಿಸಿ ತಾನೇ ಬರೆದ. ಉಳಿದದ್ದನ್ನು ಕಾಗದದಲ್ಲಿದ್ದಂತೆಯೇ ಹೊಡೆದ. ಒಂದೇ ಒಂದು ಬದಲಾವಣೆ ಮಾಡಿದ. ಕಾಗದದಲ್ಲಿ ಸಾಲುಗಳೆಲ್ಲ ಎಡಕ್ಕೆ ಒತ್ತಿ ಒಂದೇ ಗೋಡೆಗೆ ಆತು ನಿಂತಂತೆ ಇದ್ದವು, ಓದಲು ಕಷ್ಟ. ಇವನು ಈಗಿನ ಪದ್ಧತಿಯಂತೆ ಒಳಗಿನ ಸಾಲುಗಳನ್ನು ಸ್ವಲ್ಪ ಸ್ವಲ್ಪ ಬಲಕ್ಕೆ ಸರಿಸಿ ಒಪ್ಪವಾಗಿ ಜೋಡಿಸಿದ. ಹಲ್ಲು ಜೋಡಿಸುವವನಿಗೆ ಸಾಲು ಓರಣವಾಗಿಲ್ಲದಿದ್ದರೆ ಸಮಾಧಾನವಿಲ್ಲ.

ಪ್ರೋಗ್ರಾಮು ಓಡಿತು. ಹಳೆಯ ಯಂತ್ರದ ವೇಷದಲ್ಲಿದ್ದ ಲ್ಯಾಪ್‌ಟಾಪು ಒಂದು ತಕರಾರೂ ಎತ್ತದೆ ಪಟ್ಟಿ ಕಾರಿತು. ಅದರ ಪ್ರಕಾರ ದೊಡ್ಡ ಚೌಕದಿಂದ ಊರಾಚೆಯ ಆಸ್ಪತ್ರೆಗೆ ಬಸ್ಸು ನಾಲ್ಕು ನಿಮಿಷದಲ್ಲಿ ತಲುಪುತ್ತಿತ್ತು.

“ನನ್ನ ಸ್ಟೂಡೆಂಟ್ಸ್ ಓಡಿಸ್ತಿರಬೇಕು,” ಎಂದಳು ಹೆಂಡತಿ. “ಅದಕ್ಕೇ ನೇರ ಆಸ್ಪತ್ರೆಗೆ ಹೋಗಿ ನಿಲ್ತಿದೆ.”

ತಪ್ಪು ಆ ಹದಿನೇಳು ಸಾಲಿನಲ್ಲೇ ಇರಬೇಕೆಂದು ಕರ್ನಲ್ ಫೋನಿನಲ್ಲಿ ತೀರ್ಪು ಕೊಟ್ಟರು. ಅಳಿಯ ಅವನ್ನು ಐದು ಬಗೆಯಲ್ಲಿ ಬರೆದು ನೋಡಿದ. ಬಸ್ಸು ನಾಲ್ಕೇ ನಿಮಿಷ. ಒಂದು ಹಲ್ಲಿನ ಸೆಟ್ಟಿಗೆ ಹೊಳಪು ಕೊಡುವುದನ್ನೇ ಮರೆತು ದಂತವೈದ್ಯರಿಂದ ಮಾತು ಕೇಳಿಸಿಕೊಂಡ. ಪ್ರದರ್ಶನಕ್ಕೆ ಇನ್ನು ಹನ್ನೆರಡು ದಿನ ಉಳಿದಿತ್ತು.

ಅತ್ತೆ ಇದನ್ನೆಲ್ಲ ಸೋಫಾದಿಂದ ನೋಡುತ್ತಿದ್ದರು. ಒಂದು ಬೆಳಗ್ಗೆ ಊರುಗೋಲು ಊರಿಕೊಂಡು ತಾವಾಗಿಯೇ ಪಕ್ಕದ ಕೋಣೆಯ ಬಾಗಿಲಿಗೆ ಬಂದರು. ಮಗಳು ಹೋಗಿ ಆಗಲೇ ಒಂದು ಗಂಟೆಯಾಗಿತ್ತು, ನಡುವೆ ಹೇಳಿಕಳಿಸಲು ಯಾರೂ ಇರಲಿಲ್ಲ.

“ಅಳಿಯಂದ್ರೇ, ನೀವು ಹೊಡೆದದ್ದನ್ನ ಯಾರು ವೆರಿಫೈ ಮಾಡಿದ್ರು?”

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಎರಡು ಸಲ ಓದಿ ನೋಡಿದೆ ಎಂದ.

“ಓದಿದ್ರೆ ಆಗಲ್ಲ,” ಎಂದರು ಅತ್ತೆ. “ತಪ್ಪು ಮಾಡಿದ ಕಣ್ಣೇ ಮತ್ತೆ ಓದಿದ್ರೆ ಅದಕ್ಕೆ ಸರಿಯಾಗೇ ಕಾಣತ್ತೆ. ನಮ್ಮಲ್ಲಿ ಒಬ್ಬಳು ಹೊಡೆದ ಕಾರ್ಡನ್ನ ಇನ್ನೊಬ್ಬಳು ಮೊದಲಿಂದ ಮತ್ತೆ ಹೊಡೀತಿದ್ಲು. ಎರಡೂ ಒಂದೇ ಆದ್ರೆ ಪಾಸು. ಒಂದಕ್ಷರ ಬೇರೆ ಆದ್ರೂ ಮೆಷಿನ್ನು ಕೆಂಪು ದೀಪ ಹಾಕಿ ನಿಂತ್ಬಿಡ್ತಿತ್ತು. ನಾನು ಆ ಎರಡನೆಯವಳು. ಹನ್ನೊಂದು ವರ್ಷ.”

ಅವನು ಎದ್ದು ಕುರ್ಚಿ ಬಿಟ್ಟುಕೊಟ್ಟ. ಪ್ಲಾಸ್ಟರಿನ ಕಾಲಿಗೆ ಅಚ್ಚುಗಳ ಪೆಟ್ಟಿಗೆಯನ್ನು ಆಸರೆಯಾಗಿಟ್ಟ. ಅತ್ತೆ ಅಳತೆಯ ಕಾಗದವನ್ನು ಎಡಕ್ಕೆ ಒರಗಿಸಿಕೊಂಡು, ಕನ್ನಡಕ ಏರಿಸಿ, ಮೊದಲ ಸಾಲಿನಿಂದ ಶುರು ಮಾಡಿದರು. ಕೀಲಿಮಣೆಯ ಕಡೆ ಒಮ್ಮೆಯೂ ನೋಡಲಿಲ್ಲ. ಮೊದಲ ಒಂದು ಗಂಟೆ ಬೆರಳು ತಡವರಿಸಿದವು, ಮನೆ ಬದಲಾಯಿಸಿದ ಮೇಲೆ ಸ್ವಿಚ್ಚು ಹುಡುಕುವವರಂತೆ. ಮಧ್ಯಾಹ್ನದ ಹೊತ್ತಿಗೆ ಅಳಿಯನ ಪಾಲಿಶ್ ಯಂತ್ರದ ಸದ್ದನ್ನು ಮೀರಿ ಕೀಲಿಗಳು ಪಟಪಟ ಅನ್ನುತ್ತಿದ್ದವು. ಅವನಿಗೆ ಎರಡು ವಾರ ಹಿಡಿದದ್ದನ್ನು ಅತ್ತೆ ನಾಲ್ಕು ದಿನದಲ್ಲಿ, ನಡುವೆ ಎರಡು ಪಾಯಿಜಾಮ ಕತ್ತರಿಸಿ, ಮುಗಿಸಿದರು. ಅರ್ಥ ಮಾಡಿಕೊಂಡು ಹೊಡೀತೀರಾ ಎಂದು ಅವನು ಕೇಳಿದ್ದಕ್ಕೆ, ಅರ್ಥ ಮಾಡಿಕೊಂಡರೆ ಕೈ ನಿಧಾನವಾಗುತ್ತದೆ ಎಂದರು.

ಎರಡು ಪ್ರತಿಗಳನ್ನು ಹೋಲಿಸಿ ನೋಡಿದಾಗ ಅಳಿಯನ ಮುಖ ಇಂಗು ತಿಂದ ಮಂಗನಂತಾಯಿತು. ಒಂಬತ್ತು ತಪ್ಪು. ಮೂರು ಕಡೆ ಸೊನ್ನೆಯ ಬದಲು ಇಂಗ್ಲಿಷಿನ ಓ ಅಕ್ಷರ, ಒಂದು ಕಡೆ ಇಡೀ ಸಾಲೇ ನಾಪತ್ತೆ. ಒಂಬತ್ತೂ ಅವನವೇ. ಅತ್ತೆಯದು ಒಂದೂ ಇರಲಿಲ್ಲ. ಆ ದಿನ ಮಗಳು ಬಂದಾಗ ಅತ್ತೆ ಬಾಗಿಲು ತೆಗೆಯುವ ಮುಂಚೆಯೇ ಒಂಬತ್ತು ಎಂದು ಹೇಳಿದರು.

ಅಳಿಯ ಒಂಬತ್ತನ್ನೂ ತಿದ್ದಿದ. ಓಡಿಸಿದ. ಆಸ್ಪತ್ರೆಗೆ ನಾಲ್ಕು ನಿಮಿಷ.

ಸುಮ್ಮನೆ ನೋಡೋಣವೆಂದು ಅತ್ತೆಯ ಪ್ರತಿಗೆ ತನ್ನ ಹದಿನೇಳು ಸಾಲು ಸೇರಿಸಿ ಓಡಿಸಿದ. ನಲವತ್ತೈದು ನಿಮಿಷ.

ಅವನು ಕುರ್ಚಿಗೆ ಒರಗಿ ಕೂತ. ಎರಡರಲ್ಲೂ ಅದೇ ಅಕ್ಷರ, ಅದೇ ಅಂಕಿ. ವ್ಯತ್ಯಾಸವೆಂದರೆ ಅವನದರಲ್ಲಿ ಸಾಲುಗಳು ಓರಣವಾಗಿ ಬಲಕ್ಕೆ ಸರಿದಿವೆ, ಅಷ್ಟೇ. ಖಾಲಿ ಜಾಗದಿಂದ ಬಸ್ಸು ಹೇಗೆ ಬೇಗ ತಲುಪುತ್ತದೆ? ಅದನ್ನೇ ಜೋರಾಗಿ ಕೇಳಿದನೋ ಏನೋ, ಅತ್ತೆ ಊರುಗೋಲು ಊರಿಕೊಂಡು ಹಿಂದೆ ಬಂದು ನಿಂತರು. ಪರದೆಯ ಮೇಲೆ ಬೆರಳಿಟ್ಟು ಎಡದಿಂದ ಎಣಿಸುತ್ತಾ ಹೋಗಿ ಒಂದು ಕಡೆ ನಿಂತರು.

“ಇಲ್ಲಿಗೆ ಎಪ್ಪತ್ತೆರಡು. ಈ ಸಾಲು ಅದನ್ನ ದಾಟಿ ಹೋಗಿದೆಯಲ್ಲ.”

“ದಾಟಿದ್ರೆ ಏನಾಗತ್ತೆ?”

“ದಾಟಿದ್ದು ಲೆಕ್ಕಕ್ಕಿಲ್ಲ. ಕಾರ್ಡಿಗೆ ಎಂಬತ್ತು ಕಾಲಂ, ಒಂದಕ್ಕೆ ಒಂದಕ್ಷರ. ಕೊನೇ ಎಂಟು ಕಾರ್ಡಿನ ನಂಬರು ಹಾಕೋಕೆ, ಕೈ ಜಾರಿ ಕಾರ್ಡೆಲ್ಲ ನೆಲಕ್ಕೆ ಬಿದ್ರೆ ಮತ್ತೆ ಜೋಡಿಸ್ಬೇಕಲ್ಲ, ಅದಕ್ಕೆ. ಕಂಪ್ಯೂಟರು ಆ ಕಡೆ ಕಣ್ಣೆತ್ತಿ ನೋಡ್ತಿರಲಿಲ್ಲ. ನೀವು ಚಂದ ಕಾಣ್ಲಿ ಅಂತ ಸರಿಸಿದೀರಿ. ಬಾಲ ಆಚೆ ಬಿದ್ದಿದೆ.”

ಅವನು ಆ ಸಾಲನ್ನು ಓದಿದ. ಆಸ್ಪತ್ರೆಯ ಪ್ರಯಾಣಕ್ಕೆ ನಲವತ್ತೈದು ನಿಮಿಷ ಎಂದು ಹಾಕುವ ಸಾಲು. ನಾಲ್ಕು ಎಪ್ಪತ್ತೆರಡನೇ ಕಾಲಂನಲ್ಲಿ ಕೂತಿತ್ತು, ಐದು ಎಪ್ಪತ್ತಮೂರರಲ್ಲಿ. ಯಂತ್ರ ನಾಲ್ಕನ್ನು ಓದಿ, ಐದನ್ನು ಕಂಡೂ ಕಾಣದಂತೆ ಬಿಟ್ಟಿತ್ತು. ಫೋರ್ಟ್ರಾನಿನ ಬಗ್ಗೆ ಇಪ್ಪತ್ತು ವರ್ಷದಿಂದ ಓದುತ್ತಾ ಬಂದವನು ಅವನು. ಈ ನಿಯಮವನ್ನೂ ಓದಿದ್ದ. ಓದಿದ್ದು ತಲೆಯಲ್ಲಿತ್ತು, ಅತ್ತೆಗೆ ಅದು ಕೈಯಲ್ಲಿತ್ತು. ಅವನಿಗೆ ಮೊದಲು ನಗು ಬಂತು, ಆಮೇಲೆ ಕರ್ನಲ್ಲರಿಗೆ ಫೋನು ಮಾಡಿದ. ತಮ್ಮ ತೀರ್ಪು ತಪ್ಪೆಂದು ಅವರು ಅಲ್ಲೇ ಒಪ್ಪಿಕೊಂಡರು. ಕರ್ನಲ್ಲರ ವಿಷಯದಲ್ಲಿ ಅದು ಅಪರೂಪ.

ಪಟ್ಟಿ ಸರಿಯಾಗಿ ಬಂದ ಮೇಲೆ ಅಳಿಯ ಅತ್ತೆಗೆ ತೋರಿಸಿದ. ಅವರು ಬಹಳ ಹೊತ್ತು ನೋಡಿದರು. ತಾವು ಹೊಡೆದ ಕಾರ್ಡುಗಳು ಪೆಟ್ಟಿಗೆ ತುಂಬಿ ಮೇಲಕ್ಕೆ ಹೋದ ಮೇಲೆ ಏನಾಗುತ್ತಿದ್ದವೆಂದು ಆ ಕಾಲದಲ್ಲಿ ಅವರಿಗೆ ಯಾರೂ ಹೇಳಿರಲಿಲ್ಲ, ಸಂಬಳದ್ದೋ ಟಿಕೆಟ್ಟಿನದ್ದೋ ಏನೋ ಇರಬೇಕೆಂದು ಅವರು ಅಂದುಕೊಂಡಿದ್ದರು. ಬೆರಳು ಪಟ್ಟಿಯ ಮೇಲೆ ಹರಿದು ಒಂದು ಸಾಲಿನಲ್ಲಿ ನಿಂತಿತು.

“ಇದು ನಮ್ಮ ಬೀದಿಯ ಏಳೂ ನಲವತ್ತರ ಬಸ್ಸು,” ಎಂದರು. ಆಮೇಲೆ, “ಈ ಹಾಳು ಪಟ್ಟೀನ ನಾನೇ ಹೊಡೀತಿದ್ನಾ?”

ಕಥೆ ಇಷ್ಟು. ಆ ಬಸ್ಸು ದೊಡ್ಡ ಚೌಕ ತಲುಪುತ್ತಿದ್ದದ್ದು ಎಂಟು ಗಂಟೆ ಮೂರು ನಿಮಿಷಕ್ಕೆ. ಆಫೀಸಿನ ಕಡೆಯ ಬಸ್ಸು ಅಲ್ಲಿಂದ ಬಿಡುತ್ತಿದ್ದದ್ದು ಸರಿಯಾಗಿ ಎಂಟಕ್ಕೆ. ಮುಂದಿನದು ಎಂಟೂ ಇಪ್ಪತ್ತಕ್ಕೆ. ಹನ್ನೊಂದು ವರ್ಷ ಅವರು ಚೌಕದ ತಿರುವಿನಲ್ಲಿ ಎಂಟರ ಬಸ್ಸಿನ ಬೆನ್ನು ನೋಡಿದ್ದರು. ಹಾಜರಿ ಪುಸ್ತಕದಲ್ಲಿ ಕೆಂಪು ಗುರುತು ಬಿದ್ದ ದಿನವೆಲ್ಲ, ಈ ವೇಳಾಪಟ್ಟಿ ಮಾಡಿದವನು ಯಾರೋ, ಅವನ ತಲೆಯಲ್ಲಿ ಮಣ್ಣಿದೆ ಎಂದು ಶಾಪ ಹಾಕಿ ಕೂತು, ಅದೇ ವೇಳಾಪಟ್ಟಿಯ ಕಾರ್ಡು ಹೊಡೆದಿದ್ದರು.

ಇದನ್ನ ಬದಲಾಯಿಸಬಹುದಾ ಎಂದು ಕೇಳಿದರು. ಬಸ್ಸುಗಳ ಅಂಕಿಗಳೆಲ್ಲ ಕೊನೆಯ ಹಾಳೆಗಳಲ್ಲಿವೆ, ಬೇಕಾದ ಅಂಕಿ ಬದಲಿಸಿ ಮತ್ತೆ ಓಡಿಸಿದರೆ ಹೊಸ ಪಟ್ಟಿ ಬರುತ್ತದೆ ಎಂದು ಅಳಿಯ ತೋರಿಸಿಕೊಟ್ಟ. ಅಲ್ಲಿಂದ ಅತ್ತೆಗೆ ಬೇರೆ ಲೋಕವಿರಲಿಲ್ಲ. ಏಳೂ ನಲವತ್ತರ ಬಸ್ಸನ್ನು ಐದು ನಿಮಿಷ ಮೊದಲು ಹೊರಡಿಸಿದರು. ಪಾಳಿ ಮುಗಿಸಿ ಬರುವ ಗಿರಣಿಯವರಿಗೆ ಬಸ್ಸು ತಪ್ಪಿತು. ಆಫೀಸಿನ ಬಸ್ಸನ್ನು ಐದು ನಿಮಿಷ ನಿಲ್ಲಿಸಿದರು. ಅದೇ ಬಸ್ಸು ಮುಂದೆ ಆಸ್ಪತ್ರೆಗೆ ಹೋಗುವುದು, ನರ್ಸುಗಳಿಗೆ ತಡವಾಯಿತು. ಇನ್ನೊಂದು ಬಸ್ಸು ಸೇರಿಸೋಣವೆಂದರೆ ಡಿಪೋದಲ್ಲಿ ಇದ್ದದ್ದೇ ಮೂವತ್ತೊಂದು. ಈಗ ಅಳಿಯ ಹಲ್ಲು ಉಜ್ಜುತ್ತಾ ಸಲಹೆ ಕೊಡುವುದು, ಅತ್ತೆ ಅದು ಯಾಕೆ ಆಗಲ್ಲವೆಂದು ಹೇಳುವುದು, ದಿನವಿಡೀ ಇದೇ. ಸಂಜೆ ಮನೆಗೆ ಬಂದ ಮಗಳು ಊಟದ ಮೇಜಿನಲ್ಲಿ ಗಿರಣಿಯವರ ಗತಿಯೇನು ಎಂಬ ಚರ್ಚೆ ಕೇಳಿ, ಇವರಿಬ್ಬರೂ ಮಾತಾಡದಿದ್ದಾಗಲೇ ತನಗೆ ಹಾಯಾಗಿತ್ತೆಂದಳು.

ಐದನೆಯ ದಿನ ದಾರಿ ಸಿಕ್ಕಿತು. ಒಂದು ಬಸ್ಸು ಬೆಳಗ್ಗೆ ಚೌಕದಲ್ಲಿ ಹದಿನೈದು ನಿಮಿಷ ಸುಮ್ಮನೆ ನಿಂತಿರುತ್ತಿತ್ತು. ಅದನ್ನು ಓಡಿಸಿದರೆ ಎಲ್ಲರಿಗೂ ಬಸ್ಸು ಸಿಗುತ್ತದೆ, ಗಿರಣಿ, ಆಸ್ಪತ್ರೆ, ಆಫೀಸು, ಎಲ್ಲವೂ ಸರಿ. ಅಳಿಯ ಆ ಬಸ್ಸಿನ ಅಂಕಿಗಳ ಮೇಲಿದ್ದ ಟಿಪ್ಪಣಿಯನ್ನು ಓದಿ, ಅದು ನಿಲ್ಲುವುದು ಡ್ರೈವರ್ ಕಂಡಕ್ಟರ್ ಚಹಾ ಕುಡಿಯಲಿಕ್ಕೆ ಎಂದ. ನಸುಕಿನ ಐದಕ್ಕೆ ಬಸ್ಸು ಹತ್ತಿದವರಿಗೆ ಅದೊಂದೇ ಬಿಡುವು.

ಅತ್ತೆ ಕೀಲಿಮಣೆಯ ಮೇಲೆ ಕೈಯಿಟ್ಟುಕೊಂಡು ಕೂತರು. ಒಂದು ಅಂಕಿ ಬದಲಿಸಿದರೆ ಸಾಕಿತ್ತು.

“ಬೇಡ ಬಿಡಿ,” ಎಂದರು. “ಪಟ್ಟಿ ಮಾಡಿದ ಮನುಷ್ಯ ಇಷ್ಟೆಲ್ಲ ನೋಡಿಯೇ ಮಾಡಿದಾನೆ. ಮೂರನೇ ಮಹಡಿಲಿ ಒಬ್ರು ಸಣ್ಣಗೆ ಉದ್ದಕ್ಕೆ ಇದ್ರು, ಯಾರ ಹತ್ರಾನೂ ಮಾತಾಡ್ತಿರಲಿಲ್ಲ. ಅವರೇ ಇರಬೇಕು. ಪಾಪ, ಹನ್ನೊಂದು ವರ್ಷ ಬೈದೆ.”

ಭಾನುವಾರ ಲೈಬ್ರರಿಯ ಹಾಲ್‌ನಲ್ಲಿ ಲಿಫ್ಟಿನಲ್ಲಿ ಬಂದ ಅತ್ತೆಗೆಂದು ಕರ್ನಲ್ ತೋಳಿರುವ ಕುರ್ಚಿ ಹಾಕಿಸಿದ್ದರು. ನೆರೆದವರಿಗೆ ನಾಲ್ಕು ಮಾತು ಹೇಳಿ ಎಂದಾಗ ಅತ್ತೆ ಒಪ್ಪಲಿಲ್ಲ. ಬೇಕಾದರೆ ಯಾರಾದರೂ ಏನಾದರೂ ಓದಿ ಹೇಳಲಿ, ಹೊಡೆದು ತೋರಿಸುತ್ತೇನೆ ಎಂದರು. ಕರ್ನಲ್ಲರೇ ಗೋಡೆಗೆ ಅಂಟಿಸಿದ್ದ ಲೈಬ್ರರಿಯ ನಿಯಮಗಳನ್ನು ಓದಿದರು. ಅವರು ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ಅತ್ತೆಯ ಕೈ ಕಾಯುತ್ತಿತ್ತು. ಹಳೆಯ ಆಟಗಳ ಮೇಜಿನ ಬಳಿ ಇದ್ದವರೂ ಇತ್ತ ಬಂದರು. ತಾನು ಆ ದಿನ ಮಾಡಬೇಕಾದದ್ದೇನೂ ಉಳಿದಿಲ್ಲವೆಂದು ಅಳಿಯನಿಗೆ ಗೊತ್ತಾಯಿತು. ಬೇಸರವಾಗಬೇಕಿತ್ತು, ಆಗಲಿಲ್ಲ. ಬಂದವರಿಗೆಲ್ಲ, ಇವರು ನಮ್ಮ ಅತ್ತೆ ಎಂದು ಹೇಳುತ್ತಾ ನಿಂತ.

ಮಧ್ಯಾಹ್ನ ಕಳೆದ ಮೇಲೆ ಬಿಳಿ ಮೀಸೆಯ ಒಬ್ಬರು ಬಂದು ಪಟ್ಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು. ಇಪ್ಪತ್ತೆಂಟು ವರ್ಷ ಈ ಊರಿನಲ್ಲಿ ಬಸ್ಸು ಓಡಿಸಿದವನು ನಾನು ಎಂದರು. ಅತ್ತೆಗೆ ಹೊಟ್ಟೆಯಲ್ಲಿದ್ದದ್ದನ್ನು ಹೇಳದೆ ಇರಲಾಗಲಿಲ್ಲ. ಬೆಳಗಿನ ಚಹಾದ ಹದಿನೈದು ನಿಮಿಷವನ್ನು ತಾವು ಮುಟ್ಟದೆ ಬಿಟ್ಟದ್ದನ್ನು, ಮುಟ್ಟಿದ್ದರೆ ಊರೆಲ್ಲ ಸರಿಹೋಗುತ್ತಿದ್ದದ್ದನ್ನು, ವಿವರವಾಗಿ ಹೇಳಿದರು.

ಡ್ರೈವರ್ ನಕ್ಕರು. “ಯಾವ ಹದಿನೈದು ನಿಮಿಷ ಅಮ್ಮಾ. ಈ ಪಟ್ಟೀನ ನಾವ್ಯಾರೂ ನೋಡ್ತಾನೇ ಇರಲಿಲ್ಲ. ಗಿರಣಿ ಸೇತುವೆ ಹತ್ರ ಹತ್ತು ನಿಮಿಷ ಹೋಗೇ ಹೋಗ್ತಿತ್ತು. ಚೌಕಕ್ಕೆ ಬರೋ ಹೊತ್ತಿಗೆ ಚಹಾನೂ ಇಲ್ಲ ಏನೂ ಇಲ್ಲ, ಹಾರ್ನ್ ಹೊಡ್ಕೊಂಡು ಹೊರಡೋದೇ.”

ಅತ್ತೆಯ ಮುಖ ಕೆಂಪಾಯಿತು. ಒಂದು ಕ್ಷಣ, ಆ ಉದ್ದನೆಯ ಮನುಷ್ಯನ ಪರವಾಗಿ ಜಗಳಕ್ಕೇ ನಿಲ್ಲುತ್ತಾರೋ ಎಂದು ಅಳಿಯ ಹೆದರಿದ. ಅವರು ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಕೈಚೀಲವನ್ನು ಎತ್ತಿ ನೆಲಕ್ಕಿಟ್ಟರು.

“ಕೂತ್ಕೊಳ್ಳಿ,” ಎಂದರು. “ಸೇತುವೆ ಹತ್ರ ನಿಜವಾಗ್ಲೂ ಎಷ್ಟು ನಿಮಿಷ ಆಗ್ತಿತ್ತು, ಹೇಳಿ. ಅಂದಾಜು ಬೇಡ, ಸರಿಯಾಗಿ ಯೋಚನೆ ಮಾಡಿ ಹೇಳಿ.”

ಡ್ರೈವರ್ ಕೂತರು. ಕಣ್ಣು ಮುಚ್ಚಿಕೊಂಡು, ಎರಡೂ ಕೈಗಳನ್ನು ಸ್ಟೇರಿಂಗ್ ಹಿಡಿದಂತೆ ಮುಂದೆ ಚಾಚಿ, ಡಿಪೋದ ಗೇಟಿನಿಂದ ಶುರು ಮಾಡಿದರು. ಪ್ರತಿ ಸ್ಟಾಪಿಗೂ ಒಂದು ಅಂಕಿ, ಜೊತೆಗೊಂದು ಪುರಾಣ. ಅತ್ತೆ ಪುರಾಣವನ್ನು ಕಿವಿಯಲ್ಲಿ ಬಿಟ್ಟು ಅಂಕಿಯನ್ನು ಮಾತ್ರ ಬೆರಳಿಗೆ ಇಳಿಸುತ್ತಿದ್ದರು.

ಐದು ಗಂಟೆಗೆ ಹಾಲ್ ಬಿಡಬೇಕಿತ್ತು. ಲೈಬ್ರರಿಯವರು ಬಂದು ಒಂದೊಂದೇ ಕಿಟಕಿ ಮುಚ್ಚತೊಡಗಿದಾಗ ಮೂವತ್ತೊಂದು ಬಸ್ಸುಗಳಲ್ಲಿ ಆರು ಮಾತ್ರ ಮುಗಿದಿದ್ದವು. ಹೆಂಡತಿ ಕೆಳಗೆ ಕಾರಿನಲ್ಲಿ ಕಾಯುತ್ತಿದ್ದಳು. ಅಳಿಯ ಇಳಿದುಹೋಗಿ, ನಿಮ್ಮಮ್ಮ ಇನ್ನೂ ಸೇತುವೆ ದಾಟಿಲ್ಲ, ಅರ್ಧ ಗಂಟೆಯಾದರೂ ಬೇಕು ಎಂದು ಹೇಳಿ, ಅವಳು ಬಾಯಿ ತೆರೆಯುವಷ್ಟರಲ್ಲಿ ಎರಡೆರಡು ಮೆಟ್ಟಿಲು ಹಾರಿಕೊಂಡು ಮತ್ತೆ ಮೇಲೆ ಹೋದ.